ಜಲಹರವು, ಹೂಳು ಮತ್ತು ಬೇಸಿಗೆಯ ಉಳಿಕೆ: ಕಾಗಿಣಾ ಕಣಿವೆಯ ಜಲಾಶಯಗಳ ಮೌಲ್ಯಮಾಪನದ ಮರುಪರಿಶೀಲನೆ

ಸಿಹಿನೀರಿನ ದೊಡ್ಡ ಜಲರಾಶಿಗಳ ಆರ್ಥಿಕ ಮೌಲ್ಯವನ್ನು ಹೆಕ್ಟೇರಿಗೆ ಇಷ್ಟು ಎಂಬ ದರದಲ್ಲಿ ಹೇಳುವ ಪದ್ಧತಿ ಪರಿಸರ ಅರ್ಥಶಾಸ್ತ್ರದಲ್ಲಿ ಈಗ ಬೇರೂರಿದೆ. ರಾಬರ್ಟ್ ಕಾನ್‌ಸ್ಟಾಂಜಾ ಮತ್ತು ಸಂಗಡಿಗರು 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವು ಸರೋವರ ಮತ್ತು ನದಿಗಳ ಪರಿಸರ ಸೇವೆಗಳಿಗೆ, ಎಂದರೆ ನೀರಿನ ಪೂರೈಕೆ, ಹರಿವಿನ ನಿಯಂತ್ರಣ, ಆಹಾರ, ವಿಹಾರ ಮೊದಲಾಗಿ ನಿಸರ್ಗದಿಂದ ಮನುಷ್ಯರಿಗೆ ಒದಗುವ ಪ್ರಯೋಜನಗಳಿಗೆ, ವರ್ಷಕ್ಕೆ ಹೆಕ್ಟೇರಿಗೆ 8,498 ಡಾಲರ್ ಎಂಬ ಸರಾಸರಿಯನ್ನು ಮುಂದಿಟ್ಟಿತು. ಇಡೀ ಭೂಮಿಯ ಸೇವೆಗಳನ್ನು ಕೂಡಿಸಿ ಒಂದು ಮೊತ್ತ ಹೇಳುವುದರಲ್ಲಿ ಅರ್ಥವಿಲ್ಲವೆಂದು ಮೈಕೆಲ್ ಟೋಮನ್ 1998ರಲ್ಲೇ ಆಕ್ಷೇಪಿಸಿದರೂ ದರದ ಬಳಕೆ ನಿಲ್ಲಲಿಲ್ಲ. ಕರ್ನಾಟಕದಲ್ಲಿ ಟಿ. ವಿ. ರಾಮಚಂದ್ರ ಮತ್ತು ಸಹಲೇಖಕರ 2005ರ ಅಧ್ಯಯನವು ಬೆಂಗಳೂರಿನ ರಾಚೇನಹಳ್ಳಿ ಕೆರೆಗೆ ದಿನಕ್ಕೆ ಹೆಕ್ಟೇರಿಗೆ 10,435 ರೂಪಾಯಿ, ಮಲಿನಗೊಂಡ ಅಮೃತಹಳ್ಳಿ ಕೆರೆಗೆ ಕೇವಲ 20 ರೂಪಾಯಿ ಮೌಲ್ಯವನ್ನು ಲೆಕ್ಕಹಾಕಿತು. ಬೆಲೆಯಿಲ್ಲವೆಂದು ಭಾವಿಸಿ ಒತ್ತುವರಿ ಮಾಡುತ್ತಿದ್ದ ಕೆರೆಗಳಿಗೆ ಬೆಲೆಯುಂಟೆಂದು ತೋರಿಸಿದ ಈ ಕೆಲಸದ ಮಹತ್ವದಲ್ಲಿ ಭಿನ್ನಾಭಿಪ್ರಾಯವಿಲ್ಲ. ಒಂದು ಕಡೆ ದೊರೆತ ದರವನ್ನು ಇನ್ನೊಂದು ಕಡೆಯ ವಿಸ್ತೀರ್ಣದಿಂದ ಗುಣಿಸುವ ‘ಮೌಲ್ಯ ವರ್ಗಾವಣೆ’ ಎಂಬ ಮುಂದಿನ ಹೆಜ್ಜೆ ಕಲಬುರಗಿ ಜಿಲ್ಲೆಯ ಕಾಗಿಣಾ ಕಣಿವೆಯಲ್ಲಿ ನಿಲ್ಲುತ್ತದೆಯೇ ಎಂಬುದು ಇಲ್ಲಿನ ಪ್ರಶ್ನೆ.

ಚಿಂಚೋಳಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್‌ಗಳನ್ನೊಳಗೊಂಡ ಈ ಸೀಮೆಯಲ್ಲಿ ದೊಡ್ಡ ನೈಸರ್ಗಿಕ ಸರೋವರಗಳಿಲ್ಲ. ಇರುವ ದೊಡ್ಡ ನೀರೆಲ್ಲ ಕಟ್ಟೆ ಹಾಕಿ ನಿಲ್ಲಿಸಿದ್ದು. ಚಿಂಚೋಳಿಯ ಕಾಡಿನೊಳಗಿನ ಚಂದ್ರಂಪಳ್ಳಿ, ಕೆಳ ಮುಲ್ಲಾಮಾರಿ ಯೋಜನೆಯ ನಾಗರಾಳ, ಹೇರೂರಿನ ಬಳಿಯ ಬೆಣ್ಣೆತೊರಾ ಜಲಾಶಯಗಳು ಇವುಗಳಲ್ಲಿ ಮುಖ್ಯವಾದವು. ಇವನ್ನು ಅಳೆಯುವ ಹಳೆಯ ಮಾನ ಅಚ್ಚುಕಟ್ಟು, ಅಂದರೆ ಕಾಲುವೆಯ ನೀರು ತಲುಪಬೇಕಾದ ಹೊಲಗಳ ವಿಸ್ತೀರ್ಣ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿಯ ತೊಗರಿ ಬಹುಪಾಲು ಮಳೆಯನ್ನೇ ನಂಬಿದ ಬೆಳೆಯಾದ್ದರಿಂದ ಈ ಮಾನ ಇಲ್ಲಿ ಮೊದಲಿನಿಂದಲೂ ಕುಂಟುತ್ತಲೇ ಬಂದಿದೆ. ಆದರೆ ಅದರ ಬದಲಿಗೆ ಬಂದ ಜಲಹರವಿನ ಮಾನ, ಎಂದರೆ ತುಂಬಿದ ಜಲಾಶಯದಲ್ಲಿ ನೀರು ಹರಡುವ ವಿಸ್ತೀರ್ಣವನ್ನು ಆಧಾರವಾಗಿಟ್ಟುಕೊಳ್ಳುವ ಮಾನ, ಅದಕ್ಕಿಂತ ಮೇಲಾದುದೆಂದು ಹೇಳುವುದು ಕಷ್ಟ.

ಮೊದಲ ತೊಡಕು ಬೆಂಗಳೂರಿನ ಅಧ್ಯಯನದ ಅಂಕಿಗಳಲ್ಲೇ ಇದೆ. ಒಂದೇ ನಗರದ ಉತ್ತರ ಭಾಗದಲ್ಲಿ ಅಕ್ಕಪಕ್ಕದಲ್ಲಿರುವ ಎರಡು ಕೆರೆಗಳ ದರಗಳ ನಡುವೆ ಐನೂರು ಪಟ್ಟಿಗೂ ಮಿಕ್ಕ ಅಂತರವಿರುವಾಗ, ವಿಸ್ತೀರ್ಣವು ಮೌಲ್ಯವನ್ನು ನಿರ್ಧರಿಸುವ ಅಂಶಗಳಲ್ಲಿ ತೀರ ಗೌಣವಾದುದೆಂದೇ ತಿಳಿಯಬೇಕಾಗುತ್ತದೆ. ಅಲ್ಲಿ ಅಂತರಕ್ಕೆ ಕಾರಣ ಮಾಲಿನ್ಯ. ಕಾಗಿಣಾ ಕಣಿವೆಯಲ್ಲಿ ಅದಕ್ಕಿಂತ ದೊಡ್ಡ ಕಾರಣ ಋತುಮಾನ. ವಾದಕ್ಕಾಗಿ, ಅಕ್ಟೋಬರಿನಲ್ಲಿ 400 ಹೆಕ್ಟೇರ್ ಹರಡಿ ಮೇ ತಿಂಗಳಿಗೆ 100 ಹೆಕ್ಟೇರಿಗೆ ಕುಗ್ಗುವ ಒಂದು ಜಲಾಶಯವನ್ನು ಕಲ್ಪಿಸಿಕೊಳ್ಳಬಹುದು. ಸುತ್ತಲಿನ ಊರು ಮತ್ತು ತಾಂಡಾಗಳ ದನಕರುಗಳು ಎರಡು ತಿಂಗಳಲ್ಲೂ ಅಷ್ಟೇ ನೀರು ಕುಡಿದರೂ ಹೆಕ್ಟೇರಿನ ಲೆಕ್ಕದಲ್ಲಿ ಆ ನೀರಿನ ಬೆಲೆ ಮೇ ತಿಂಗಳಲ್ಲಿ ನಾಲ್ಕು ಪಟ್ಟಾಗುತ್ತದೆ. ಸುತ್ತಲಿನ ಹಳ್ಳಕೊಳ್ಳ, ಬಾವಿಗಳು ಬತ್ತಿರುವ ಆ ಹೊತ್ತಿನಲ್ಲಿ ಬದಲಿ ನೀರು ಸಿಗದಿರುವುದನ್ನು ಸೇರಿಸಿದರೆ ಅದು ಇನ್ನೂ ಏರುತ್ತದೆ. ನೀರು ಸರಿದ ಅಂಗಳದಲ್ಲಿ ಬೆಳೆಯುವ ಹುಲ್ಲು ಮೇವಾಗುವುದರಿಂದ ಜಲಹರವು ಕುಗ್ಗಿದ್ದೆಲ್ಲ ನಷ್ಟವೂ ಅಲ್ಲ. ಛೇದವೇ ವರ್ಷವಿಡೀ ಬದಲಾಗುತ್ತಿರುವ ಭಾಗಾಕಾರದಿಂದ ಬಂದ ಒಂದೇ ದರವು ಯಾವ ತಿಂಗಳಿಗೆ ಸಲ್ಲುತ್ತದೆಂದು ಹೇಳಲಾಗದು.

ಎರಡನೆಯ ತೊಡಕು ಹೂಳಿನದು. ಈ ಲೇಖನದ ಮುಖ್ಯ ವಾದ ಇದನ್ನೇ ಅವಲಂಬಿಸಿದೆ. ಹೂಳು ಜಲಾಶಯದ ತಳವನ್ನು ಮೇಲೆತ್ತುತ್ತದೆಯೇ ಹೊರತು ತುಂಬಿದ ಮಟ್ಟದಲ್ಲಿ ನೀರಿನ ಅಂಚನ್ನು ಹೆಚ್ಚಾಗಿ ಸರಿಸುವುದಿಲ್ಲ. ಹೀಗಾಗಿ ಸಂಗ್ರಹದ ಗಣನೀಯ ಪಾಲು ಕಳೆದುಹೋದ ಮೇಲೂ ಜಲಹರವಿನ ಲೆಕ್ಕದಲ್ಲಿ ಆ ಜಲಾಶಯದ ಮೌಲ್ಯ ಒಂದು ಪೈಸೆಯಷ್ಟೂ ಇಳಿಯದೆ ಉಳಿಯಬಹುದು. ದೊಡ್ಡ ನೀರನ್ನು ನಿಧಾನವಾಗಿ ಕೊಲ್ಲುವ ಕ್ರಿಯೆಯೇ ಈ ಮಾನಕ್ಕೆ ಕಾಣದು. ಚಿಂಚೋಳಿಯ ಜಂಬುಮಣ್ಣಿನ ಪ್ರಸ್ಥಭೂಮಿಯ ಮೇಲಿನ ಕಾಡು ಮಣ್ಣಿನ ಕೊಚ್ಚಣೆಯನ್ನು ತಡೆಯುವುದರಿಂದ ಚಂದ್ರಂಪಳ್ಳಿಗೆ ಆಗುವ ಉಪಕಾರವೂ ಇದೇ ಕಾರಣಕ್ಕೆ ಲೆಕ್ಕದಿಂದ ಹೊರಗುಳಿಯುತ್ತದೆ. ತುಂಬಿದ ಮಟ್ಟದ ವಿಸ್ತೀರ್ಣದ ಬದಲು ಏಪ್ರಿಲ್ ಕೊನೆಯಲ್ಲಿ ಉಳಿದ ನೀರಿನ ಗಾತ್ರವನ್ನು, ಇಲ್ಲಿ ‘ಬೇಸಿಗೆಯ ಉಳಿಕೆ’ ಎಂದು ಕರೆದಿರುವ ಪ್ರಮಾಣವನ್ನು, ಆಧಾರವಾಗಿಟ್ಟುಕೊಂಡರೆ ಕಾಡು, ಹೂಳು, ನೀರುಗಳ ನಂಟು ಒಂದೇ ಲೆಕ್ಕದೊಳಗೆ ಬರುತ್ತದೆ. ಈ ಮಾತನ್ನು ಮಿತಿಗಳೊಡನೆಯೇ ಹೇಳಬೇಕು. ಹೂಳಿನ ಒಂದು ಭಾಗ ಹಳ್ಳವು ಜಲಾಶಯವನ್ನು ಸೇರುವ ಹಿನ್ನೀರಿನ ತುದಿಯಲ್ಲಿ ನಿಂತು ಜಲಹರವನ್ನೂ ಕುಗ್ಗಿಸುತ್ತದೆ. ಹೂಳು ಹೊಲ ಸೇರಿದಾಗ ಅದಕ್ಕೊಂದು ಬೆಲೆಯುಂಟು. ಕಾಲುವೆಗೆ ಎಷ್ಟು ನೀರು ಬಿಟ್ಟರೆಂಬ ಆಡಳಿತದ ತೀರ್ಮಾನದಿಂದಲೂ ಏಪ್ರಿಲಿನ ಉಳಿಕೆ ಏರಿಳಿಯುತ್ತದೆ. ಮೀನುಗಾರಿಕೆ, ಹಕ್ಕಿಗಳ ನೆಲೆಗಳಂಥ ಸೇವೆಗಳಿಗೆ ಆಳವಿಲ್ಲದ ಅಂಚಿನ ವಿಸ್ತೀರ್ಣವೇ ಮುಖ್ಯವಾಗಬಹುದಾದ್ದರಿಂದ ಜಲಹರವನ್ನು ಪೂರ್ತಿ ಕೈಬಿಡುವಂತೆಯೂ ಇಲ್ಲ.

ವಿಸ್ತೀರ್ಣದ ಮಾನದ ಅಪಾಯ ವಾಡಿ, ಸೇಡಂ, ಶಹಾಬಾದ್‌ಗಳ ಸುಣ್ಣಕಲ್ಲಿನ ನೆಲದಲ್ಲಿ ಇನ್ನೂ ಸ್ಪಷ್ಟ. ಸಿಮೆಂಟ್ ಕಾರ್ಖಾನೆಗಳಿಗಾಗಿ ಅಗೆದ ಗಣಿಗಳು ಬರಿದಾದ ಮೇಲೆ ಮಳೆಯ ಮತ್ತು ಅಂತರ್ಜಲದ ನೀರಿನಿಂದ ತುಂಬಿಕೊಳ್ಳುತ್ತವೆ. ಗಣಿ ಮುಚ್ಚುವ ಯೋಜನೆಗಳಲ್ಲಿ ಇಂಥ ಗುಂಡಿಯನ್ನು ಜಲಾಶಯವೆಂದು ತೋರಿಸುವುದು ವಾಡಿಕೆ. ಹೆಕ್ಟೇರಿನ ಲೆಕ್ಕಕ್ಕೆ ಗುಂಡಿಯೂ ಕೆರೆಯೂ ಒಂದೇ. ಕಡಿದಾದ ಗೋಡೆಗಳ ಗುಂಡಿಗೆ ದನ ಇಳಿಯಲಾರದು, ಅಂಚಿನಲ್ಲಿ ಜೊಂಡು ಬೆಳೆಯದು, ಮೀನು ಮೊಟ್ಟೆಯಿಡುವ ತೆಳುನೀರು ಇರದು. ಗುಂಡಿ ಅಂತರ್ಜಲದ ಮಟ್ಟಕ್ಕಿಂತ ಕೆಳಗಿಳಿದಿದ್ದರೆ ಕಲ್ಲಿನ ಸೀಳುಗಳಲ್ಲಿ ಅಡಗಿದ್ದ ನೀರು ಬಿಸಿಲಿಗೆ ಬಿದ್ದು ಆವಿಯಾಗುವ ಸಂಭವವೂ ಉಂಟು. ಹಾಸುಕಲ್ಲಿಗಾಗಿ ತೋಡಿದ ಆಳ ಕಡಿಮೆಯ ಹಳೆಯ ಕಲ್ಲುಗಣಿಗಳಿಗೆ ಈ ಮಾತು ಅಷ್ಟಾಗಿ ಅನ್ವಯಿಸದು.

ಕಾನೂನು ಈ ಗೊಂದಲವನ್ನು ಬಗೆಹರಿಸುವುದಿಲ್ಲ. 2010ರ ಕೇಂದ್ರ ನಿಯಮಗಳಲ್ಲಿ ಜೌಗುಭೂಮಿಯ ವ್ಯಾಖ್ಯೆ ಜಲಾಶಯ ಮತ್ತು ಕೆರೆಗಳನ್ನೂ ಒಳಗೊಂಡಿತ್ತು. 2017ರ ನಿಯಮಗಳು ಕುಡಿಯುವ ನೀರಿಗಾಗಿ ಅಥವಾ ನೀರಾವರಿಗಾಗಿಯೇ ಕಟ್ಟಿದ ಜಲರಾಶಿಗಳನ್ನು ಅದರಿಂದ ಹೊರಗಿಟ್ಟವು. ನೀರಾವರಿಗೆಂದು ಕಟ್ಟಿದ ಚಂದ್ರಂಪಳ್ಳಿಗೆ ಇಂದು ಇರುವ ಗಟ್ಟಿ ಆಸರೆಯೆಂದರೆ ಸುತ್ತಲಿನ ಸುಮಾರು 135 ಚದರ ಕಿಲೋಮೀಟರ್ ಕಾಡು 2011ರಲ್ಲಿ ವನ್ಯಜೀವಿಧಾಮವಾದದ್ದು. ಬಯಲಿನ ಬೆಣ್ಣೆತೊರಾಕ್ಕೆ ಅಂಥ ಆಸರೆಯಿಲ್ಲ. ನೀರನ್ನು ಯಾವ ಉದ್ದೇಶಕ್ಕೆ ಕಟ್ಟಲಾಯಿತೆಂಬುದನ್ನೇ ಅದರ ಮೌಲ್ಯವೆಂದು ಎಣಿಸುವ ಹಳೆಯ ಅಚ್ಚುಕಟ್ಟಿನ ತರ್ಕವೇ ಇಲ್ಲಿ ನಿಯಮದ ರೂಪ ತಾಳಿದೆಯೆಂದು ತೋರುತ್ತದೆ.

ಬೇಸಿಗೆಯ ಉಳಿಕೆಗೆ ರೂಪಾಯಿಯ ಬೆಲೆ ಕಟ್ಟುವ ಬಗೆಯನ್ನು ಈ ಲೇಖನ ಇತ್ಯರ್ಥಪಡಿಸುವುದಿಲ್ಲ. ಟ್ಯಾಂಕರಿನ ದರವನ್ನು ಆಧಾರವಾಗಿಸಿದರೆ ಬರದ ವರ್ಷದ ಬೆಲೆಯೇ ಎಲ್ಲ ವರ್ಷಗಳ ಬೆಲೆಯಾಗುವ ದೋಷ ಬರುತ್ತದೆ. ಜನರು ಎಷ್ಟು ಕೊಡಲು ಸಿದ್ಧರೆಂದು ಕೇಳಿ ತಿಳಿಯುವ ವಿಧಾನದಲ್ಲಿ ಕೊಡಲು ಹಣವಿಲ್ಲದ ತಾಂಡಾದವರ ಅಗತ್ಯ ಅಂಕಿಯಲ್ಲಿ ಕಾಣದೆ ಹೋಗುತ್ತದೆ. ಕೈಬಿಟ್ಟ ಗಣಿಗಳ ಗೋಡೆಗಳು ಕಾಲಾಂತರದಲ್ಲಿ ಕುಸಿದು ತೆಳುನೀರಿನ ಅಂಚು ತಾನಾಗಿ ರೂಪುಗೊಂಡೀತೇ ಎಂಬ ಪ್ರಶ್ನೆಯೂ ಹಾಗೆಯೇ ಉಳಿದಿದೆ. ಅದಕ್ಕೆ ಬೇರೆ ಬೇರೆ ವಯಸ್ಸಿನ ಗುಂಡಿಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ಹೋಲಿಸುವ ಕ್ಷೇತ್ರಕಾರ್ಯ ಬೇಕು.