ನಗರ ದಂಗೆ

ನಗರ ದಂಗೆಯು ೧೮೩೦–೩೧ರಲ್ಲಿ ಮೈಸೂರು ಸಂಸ್ಥಾನದ ನಗರ ಫೌಜುದಾರಿಯಲ್ಲಿ ನಡೆದ ರೈತ ಬಂಡಾಯ. ಕಂದಾಯದ ಹೊರೆಯನ್ನು ಬಹುಕಾಲ ಹೊತ್ತ ರೈತರ ಸಹನೆಯ ಕಟ್ಟೆ ಒಡೆದುದೇ ಇದರ ಮೂಲ. ಇದರ ಪರಿಣಾಮವಾಗಿ ಸಂಸ್ಥಾನದ ಆಡಳಿತವು ೫೦ ವರ್ಷಗಳ ಕಾಲ ಬ್ರಿಟಿಷರ ವಶದಲ್ಲಿತ್ತು.

ಹಿನ್ನೆಲೆ

ನಗರವು ಇಂದಿನ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿದೆ. ಬಿದನೂರು ಎಂಬ ಹೆಸರಿನಿಂದ ಕೆಳದಿ ಅರಸರ ರಾಜಧಾನಿಯಾಗಿದ್ದ ಇದನ್ನು ೧೭೬೩ರಲ್ಲಿ ಹೈದರಾಲಿಯು ಗೆದ್ದುಕೊಂಡನು. ೧೭೯೯ರ ಒಪ್ಪಂದದಂತೆ ಮೈಸೂರು ಸಂಸ್ಥಾನವು ಈಸ್ಟ್ ಇಂಡಿಯಾ ಕಂಪನಿಗೆ ವರ್ಷಕ್ಕೆ ೭ ಲಕ್ಷ ವರಾಹಗಳನ್ನು ಸಲ್ಲಿಸಬೇಕಾಗಿತ್ತು.

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 'ಶರತ್ತು' ಎಂಬ ಪದ್ಧತಿ ಬಳಕೆಗೆ ಬಂದಿತು. ಇಂತಿಷ್ಟು ಕಂದಾಯ ವಸೂಲು ಮಾಡುವುದಾಗಿ ಅಮಲ್ದಾರನು ಸರ್ಕಾರಕ್ಕೆ ಮಾತು ಕೊಡುತ್ತಿದ್ದನು. ಕೊರತೆ ಬಿದ್ದರೆ ಅದನ್ನು ಅವನೇ ತುಂಬಿಕೊಡಬೇಕಾಗಿತ್ತು. ಮಳೆ ಕೈಕೊಟ್ಟರೂ ಬೆಳೆ ನಾಶವಾದರೂ ಮೊಬಲಗು ಬದಲಾಗದಿದ್ದುದರಿಂದ ಆ ಭಾರವು ಕೊನೆಗೆ ರೈತನ ಮೇಲೆಯೇ ಬೀಳುತ್ತಿತ್ತು. ಹಿಂದಿನ ಬಾಕಿಗಳ ವಸೂಲಿಗೆ ಅಧಿಕಾರಿಗಳು ತೊಡಗಿದಾಗ ಅಸಮಾಧಾನವು ಇನ್ನಷ್ಟು ಹೆಚ್ಚಿತು.

ದಂಗೆಯ ಸ್ವರೂಪ

ರೈತರು ಮೊದಲು ಆಯುಧಗಳನ್ನು ಹಿಡಿಯಲಿಲ್ಲ. ೧೮೩೦ರಲ್ಲಿ ಅವರು 'ಕೂಟ'ಗಳಾಗಿ ಸೇರಿ, ತಮ್ಮ ಕಷ್ಟಗಳನ್ನು ಹೇಳಿಕೊಂಡರು. ಕಂದಾಯ ಕೊಡಲು ನಿರಾಕರಿಸಿದರು. ಕೂಟಗಳನ್ನು ಬಲಪ್ರಯೋಗದಿಂದ ಚದುರಿಸಲಾಯಿತು. ಕೆಳದಿ ವಂಶದ ಉತ್ತರಾಧಿಕಾರಿ ತಾನೆಂದು ಹೇಳಿಕೊಂಡ ಬೂದಿ ಬಸವಪ್ಪನೂ ತರೀಕೆರೆಯ ಪಾಳೆಯಗಾರ ಮನೆತನದವರೂ ಸೇರಿದ ಮೇಲೆ ಕಂದಾಯದ ತಕರಾರು ರಾಜ್ಯಾಧಿಕಾರದ ಹೋರಾಟವಾಗಿ ಮಾರ್ಪಟ್ಟಿತು. ಮೈಸೂರಿನ ಸೈನ್ಯದಿಂದ ಮಾತ್ರ ದಂಗೆ ಅಡಗದೆ ಕಂಪನಿಯ ಸೈನ್ಯವೂ ಬರಬೇಕಾಯಿತು. ೧೮೩೧ರ ಜೂನ್ ತಿಂಗಳಲ್ಲಿ ನಗರವು ಅದರ ವಶವಾಯಿತು.

ಪರಿಣಾಮ

೧೮೩೧ರ ಅಕ್ಟೋಬರ್‌ನಲ್ಲಿ ಗವರ್ನರ್ ಜನರಲ್ ವಿಲಿಯಂ ಬೆಂಟಿಂಕನು ಆಡಳಿತವನ್ನು ಕಂಪನಿಯ ಕೈಗೆ ತೆಗೆದುಕೊಂಡನು. ದಂಗೆಯ ಕಾರಣಗಳನ್ನು ವಿಚಾರಿಸಲು ನೇಮಕವಾದ ಸಮಿತಿಯು ೧೮೩೩ರಲ್ಲಿ ವರದಿ ಸಲ್ಲಿಸಿತು. ೧೮೩೪ರಿಂದ ೧೮೬೧ರವರೆಗೆ ಮಾರ್ಕ್ ಕಬ್ಬನ್ ಕಮಿಷನರಾಗಿದ್ದರು. ಅಧಿಕಾರವನ್ನು ಮರಳಿ ಪಡೆಯಲು ಕೃಷ್ಣರಾಜ ಒಡೆಯರು ಕೊನೆಯವರೆಗೂ ಪ್ರಯತ್ನಿಸಿ, ೧೮೬೮ರಲ್ಲಿ ತೀರಿಕೊಂಡರು. ೧೮೮೧ರಲ್ಲಿ ಅವರ ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ ರಾಜ್ಯವು ಹಿಂದಿರುಗಿತು.

ಮಹತ್ತ್ವ

ಈ ದಂಗೆಯು ಒಂದೇ ದಿನದ ಆವೇಶದಿಂದ ಹುಟ್ಟಿದುದಲ್ಲ. ಮೇಲಿನವನ ಕೊರತೆಯನ್ನು ಕೆಳಗಿನವನು ತುಂಬಬೇಕೆಂಬ ವ್ಯವಸ್ಥೆಯಲ್ಲಿ ಒತ್ತಡವು ವರ್ಷದಿಂದ ವರ್ಷಕ್ಕೆ ಬೆಳೆಯಿತು. ಅಹವಾಲಿಗೆ ಪರಿಹಾರ ದೊರೆಯದಿದ್ದಾಗ ಕೂಟವೇ ದಂಡಾಯಿತು. ರೈತನಿಂದ ಆರಂಭವಾದ ಕುಸಿತವು ಅರಮನೆಯವರೆಗೂ ತಲುಪಿತು.