ಹವಾಮಾನ ಬದಲಾವಣೆ ಮತ್ತು ಮರಗಳ ತೆರವು: ಸಾರ್ವಜನಿಕರಿಗೆ ಮಾಹಿತಿ

2025ರ ಏಪ್ರಿಲ್‌ನಲ್ಲಿ ಮೈಸೂರಿನ ಹೈದರಾಲಿ ರಸ್ತೆಯ ವಿಸ್ತರಣೆಗಾಗಿ 40 ಮರಗಳನ್ನು ತೆರವುಗೊಳಿಸಿದ್ದು ಸಾರ್ವಜನಿಕ ವಿವಾದಕ್ಕೆ ಎಡೆಮಾಡಿತು. ಇಂತಹ ವಿಷಯಗಳಲ್ಲಿ ಅರ್ಜಿ ಅಥವಾ ಆಕ್ಷೇಪಣೆ ಸಲ್ಲಿಸುವವರು ಕೆಳಕಂಡ ಅಂಶಗಳನ್ನು ಪ್ರತ್ಯೇಕವಾಗಿ ಪರಿಗಣಿಸುವುದು ಸೂಕ್ತ.

1. ವಸ್ತುಸ್ಥಿತಿ: ಮಾನವ ಚಟುವಟಿಕೆಗಳಿಂದ ಭೂಮಿಯ ತಾಪಮಾನ ಏರಿರುವುದು ನಿಸ್ಸಂದೇಹವೆಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿಯು (ಐಪಿಸಿಸಿ) 2021ರಲ್ಲಿ ವರದಿ ಮಾಡಿದೆ. ಇದು ಅಭಿಪ್ರಾಯಭೇದದ ವಿಷಯವಲ್ಲ.

2. ಆಯ್ಕೆ: ಸಂಚಾರ, ವೆಚ್ಚ, ನೆರಳು ಇವುಗಳಲ್ಲಿ ಯಾವುದಕ್ಕೆ ಆದ್ಯತೆ ಎಂಬುದು ಚರ್ಚಾರ್ಹ. ನೆಟ್ಟ ಸಸಿಯು ಬಲಿತ ಮರದಷ್ಟು ನೆರಳು ನೀಡಲು ಹಲವು ವರ್ಷಗಳು ಬೇಕಾಗುತ್ತವೆ ಎಂಬುದನ್ನೂ ಗಮನಿಸತಕ್ಕದ್ದು.

3. ನಿಯಮ: ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರನ್ವಯ ಮರ ಕಡಿಯಲು ವೃಕ್ಷ ಅಧಿಕಾರಿಯವರ ಅನುಮತಿ ಅಗತ್ಯ. ಮರಗಳು 50ಕ್ಕಿಂತ ಹೆಚ್ಚಿದ್ದಲ್ಲಿ ಸಾರ್ವಜನಿಕ ಆಕ್ಷೇಪಣೆಗಳನ್ನು ಆಹ್ವಾನಿಸಬೇಕಾಗುತ್ತದೆ. ಹೈದರಾಲಿ ರಸ್ತೆಯ ಮರಗಳ ಸಂಖ್ಯೆ ಈ ಮಿತಿಗಿಂತ ಕಡಿಮೆಯಿತ್ತು.

ಆದ್ದರಿಂದ ಕಡಿಮೆ ಸಂಖ್ಯೆಯ ಮರಗಳ ವಿಷಯದಲ್ಲಿ ಪ್ರಕಟಣೆಗಾಗಿ ಕಾಯದೆ, ಕಾಮಗಾರಿಯ ವಿಷಯ ತಿಳಿದ ಕೂಡಲೇ ವೃಕ್ಷ ಅಧಿಕಾರಿಯವರಿಗೆ ಲಿಖಿತ ಮನವಿ ಸಲ್ಲಿಸುವುದು. ಮನವಿಯಲ್ಲಿ ಸ್ಥಳ, ಮರಗಳ ಸಂಖ್ಯೆ, ಜಾತಿ ಹಾಗೂ ಸಾಧ್ಯವಿರುವ ಪರ್ಯಾಯವನ್ನು ಸ್ಪಷ್ಟವಾಗಿ ನಮೂದಿಸುವುದು. ಮರ ಉರುಳಿದ ನಂತರ ಸಲ್ಲಿಸಿದ ಆಕ್ಷೇಪಣೆಯಿಂದ ಆ ಮರವನ್ನು ಮರಳಿ ಪಡೆಯಲಾಗದು.