ಮನೆ ಬ್ರಾಡ್‌ಬ್ಯಾಂಡ್‌ನ ವೇಗಮಾಪನ

ಕಂಪನಿ ಜಾಹೀರಾತಿನಲ್ಲಿ ಹೇಳಿದ ಇಂಟರ್ನೆಟ್ ವೇಗದಲ್ಲಿ ಚಂದಾದಾರರ ಮನೆಗೆ ನಿಜಕ್ಕೂ ಎಷ್ಟು ತಲುಪುತ್ತದೆ ಎಂದು ಅಳೆಯುವ ಕ್ರಮ. ಎಂಜಿನಿಯರುಗಳ ಬಳಿ ಇದಕ್ಕೆ ಬೇಕಾದ ಸಾಧನಗಳು ಮೊದಲೇ ಇದ್ದವು. ಸಂದೇಶ ಹೋಗಿ ಬರುವ ಸಮಯ ಅಳೆಯುವ 'ಪಿಂಗ್' ಪ್ರೋಗ್ರಾಮನ್ನು ಅಮೆರಿಕದ ಮೈಕ್ ಮ್ಯೂಸ್ ಬರೆದದ್ದು 1983ರಲ್ಲಿ. ಜನಸಾಮಾನ್ಯರಲ್ಲಿ ವೇಗ ಪರೀಕ್ಷೆಯ ರೂಢಿಯನ್ನು ಬೆಳೆಸಿದ್ದು 2006ರಲ್ಲಿ ಶುರುವಾದ ಊಕ್ಲಾ ಕಂಪನಿಯ ಸ್ಪೀಡ್‌ಟೆಸ್ಟ್. ಹತ್ತಿರದ ಸರ್ವರ್‌ನಿಂದ ಏಕಕಾಲಕ್ಕೆ ಹಲವು ಸಂಪರ್ಕಗಳಲ್ಲಿ ದತ್ತಾಂಶ ತರಿಸಿಕೊಂಡು ಅದು ವೇಗ ಹೇಳುತ್ತದೆ. 2009ರಲ್ಲಿ ಆರಂಭವಾದ ಮುಕ್ತ ಅಳತೆ ಯೋಜನೆ ಎಂ-ಲ್ಯಾಬ್‌ನ ಪರೀಕ್ಷೆ ಒಂದೇ ಸಂಪರ್ಕ ಬಳಸುವುದರಿಂದ ಅದೇ ಮನೆಯ ಅದೇ ಲೈನಿಗೆ ಬೇರೆ ಅಂಕಿ ಕೊಡಬಹುದು.

ಇಂಥ ಪರೀಕ್ಷೆಗಳ ಕೊರತೆ ಬೇರೆಯೇ ಇದೆ. ನೆಟ್ ನಿಧಾನವಾದಾಗಲೇ ಜನ ಪರೀಕ್ಷಿಸುತ್ತಾರೆ. ಗೋಡೆ ದಾಟಿ ಬಂದ ವೈಫೈ ಸೊರಗಿದ್ದರೂ ತಪ್ಪು ಕಂಪನಿಯದೆಂದೇ ಕಾಣುತ್ತದೆ. ಕಂಪನಿಗೂ ನುಣುಚಿಕೊಳ್ಳಲು ಅದೇ ನೆಪ.

ಈ ಜಗಳ ಬಗೆಹರಿಸಿದ್ದು ಒಂದು ಪುಟ್ಟ ಪೆಟ್ಟಿಗೆ. ಬ್ರಿಟನ್ನಿನ ನಿಯಂತ್ರಣ ಸಂಸ್ಥೆ ಆಫ್‌ಕಾಮ್ 2008ರಲ್ಲಿ ಸ್ಯಾಮ್‌ನೋಸ್ ಸಂಸ್ಥೆಯ ಜೊತೆಗೂಡಿ ಸ್ವಯಂಸೇವಕರ ಮನೆಗಳ ರೂಟರ್‌ಗೇ ಅದನ್ನು ಜೋಡಿಸಿತು. ಮನೆಯವರು ನೆಟ್ ಬಳಸದಿರುವ ಹೊತ್ತು ನೋಡಿಕೊಂಡು ಅದು ಹಗಲಿರುಳೂ ತಾನಾಗಿ ಅಳೆಯುತ್ತಿತ್ತು. ವೈಫೈ ಲೆಕ್ಕದಿಂದಲೇ ಹೊರಗುಳಿಯಿತು. 2009ರ ಏಪ್ರಿಲ್‌ನಲ್ಲಿ ಕಂಡ ಸರಾಸರಿ 4.1 ಎಂಬಿಪಿಎಸ್, ಜಾಹೀರಾತುಗಳ ಸರಾಸರಿ 7.1. ಟೆಲಿಫೋನ್ ಎಕ್ಸ್‌ಚೇಂಜಿನಿಂದ ಮನೆ ದೂರವಾದಷ್ಟೂ ತಾಮ್ರದ ತಂತಿಯಲ್ಲಿ ಸಂಕೇತ ಕ್ಷೀಣಿಸುವುದು ಇದಕ್ಕೊಂದು ಮುಖ್ಯ ಕಾರಣ. ಜಾಹೀರಾತಿನ ವೇಗ ಕನಿಷ್ಠ ಶೇ. 10ರಷ್ಟು ಗ್ರಾಹಕರಿಗಾದರೂ ಸಿಗಬೇಕೆಂಬ ನಿಯಮ ಅಲ್ಲಿ 2012ರಲ್ಲಿ ಬಂತು. ಅದು ತೀರಾ ಸಡಿಲ. 2018ರಲ್ಲಿ, ರಾತ್ರಿ 8ರಿಂದ 10ರ ದಟ್ಟಣೆಯಲ್ಲೂ ಅರ್ಧದಷ್ಟು ಗ್ರಾಹಕರಿಗೆ ಸಿಗಬೇಕೆಂದು ಬಿಗಿಗೊಳಿಸಲಾಯಿತು.

ಅಮೆರಿಕದ ಸಂವಹನ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ಅದೇ ಪೆಟ್ಟಿಗೆಗಳನ್ನು ಬಳಸಿ 2011ರಲ್ಲಿ ಮೊದಲ ವರದಿ ತಂದು, ಕಂಪನಿಗಳ ಹೆಸರು ಹಿಡಿದೇ ಅಂಕಿಗಳನ್ನು ಪ್ರಕಟಿಸಿತು. ಸಂಜೆಯ ದಟ್ಟಣೆಯಲ್ಲಿ ಹೇಳಿದ್ದರ ಅರ್ಧದ ಆಸುಪಾಸಿನಲ್ಲಿದ್ದ ಕೇಬಲ್‌ವಿಷನ್ ಕಂಪನಿ, ಮರುವರ್ಷದ ವರದಿಯಲ್ಲಿ ಶೇ. 100 ದಾಟಿತ್ತು. ಅಳತೆ ಬಹಿರಂಗವಾಗಬೇಕು ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸಮರ್ಥನೆ ಬೇಕಿಲ್ಲ.

ಭಾರತದಲ್ಲಿ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು 2004ರಲ್ಲಿ 256 ಕೆಬಿಪಿಎಸ್ ಸಾಕಿತ್ತು. 2023ರಲ್ಲಿ ಆ ಮಿತಿ 2 ಎಂಬಿಪಿಎಸ್‌ಗೆ ಏರಿತು. ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ 2016ರಲ್ಲಿ ವೇಗ ಅಳೆಯುವ 'ಮೈಸ್ಪೀಡ್' ಆ್ಯಪ್ ಹೊರತಂದಿತು. ಆದರೆ ಫೋನಿನಲ್ಲಿ ಓಡುವ ಆ್ಯಪ್ ಮನೆಯೊಳಗಿನ ವೈಫೈಯನ್ನೂ ಸೇರಿಸಿಯೇ ಅಳೆಯುತ್ತದೆ.

ವೇಗವೊಂದನ್ನೇ ನೋಡಿದರೆ ಸಾಲದೆಂದು ತೋರಿಸಿದವರು ಅಮೆರಿಕದ ಪ್ರೋಗ್ರಾಮರ್ ಜಿಮ್ ಗೆಟಿಸ್. 2010ರ ಸುಮಾರಿಗೆ ತಮ್ಮ ಮನೆಯಿಂದ ದೊಡ್ಡ ಫೈಲ್ ಕಳಿಸುವಾಗ ಉಳಿದೆಲ್ಲ ಕೆಲಸ ತಡವರಿಸುವುದನ್ನು ಅವರು ಗಮನಿಸಿದರು. ವಿಳಂಬ ಒಂದು ಸೆಕೆಂಡನ್ನೂ ಮೀರಿತ್ತು. ಮೋಡೆಮ್, ರೂಟರ್‌ಗಳ ಅತಿ ದೊಡ್ಡ ಬಫರ್‌ಗಳಲ್ಲಿ ದತ್ತಾಂಶ ಸಾಲುಗಟ್ಟಿ ಕಾಯುತ್ತಿತ್ತು. ಈಗ ಸ್ಪೀಡ್‌ಟೆಸ್ಟ್ ಹಾಗೂ ನೆಟ್‌ಫ್ಲಿಕ್ಸ್‌ನ ವೇಗ ಪರೀಕ್ಷೆ 'ಫಾಸ್ಟ್' ಎರಡೂ ಲೈನ್ ತುಂಬಿದಾಗಿನ ವಿಳಂಬವನ್ನು ಪ್ರತ್ಯೇಕವಾಗಿ ತೋರಿಸುತ್ತವೆ.